ತುದಿ ಕಪ್ಪಿಲ್ಲದಿದ್ದರೆ ಹೆಣ್ಣು ನೊಣವೇ?

ಪ್ರಶ್ನೆ: ಬಾಳೆಹಣ್ಣಿನ ಬುಟ್ಟಿಗೆ ಮುತ್ತುವ ಪುಟ್ಟ ನೊಣಗಳ ಮೂರು ಫೋಟೊ ಕಳಿಸಿದ್ದೇನೆ. ಹೊಟ್ಟೆಯ ತುದಿ ಕಪ್ಪಗಿದ್ದರೆ ಗಂಡು ಎಂದು ಓದಿದ್ದೆ. ಇವುಗಳಲ್ಲಿ ಯಾವುದಕ್ಕೂ ಹಾಗಿಲ್ಲ. ಎಲ್ಲವೂ ಹೆಣ್ಣೇ? ಪ್ರಭೇದ ಯಾವುದು?
– ಬಿ.ಎಸ್ಸಿ. ವಿದ್ಯಾರ್ಥಿನಿ, ಹಾಸನ

ಉತ್ತರ: ಹಾಗೆನ್ನಲು ಬರುವುದಿಲ್ಲ. ಆ ಗುರುತು ಇಂಥ ನೊಣಗಳ ಒಂದು ಪ್ರಭೇದವಾದ ಡ್ರೊಸೊಫಿಲಾ ಮೆಲನೊಗ್ಯಾಸ್ಟರ್‌ಗೆ ಹೊಂದುತ್ತದೆ: ಗಂಡಿನ ಹೊಟ್ಟೆಯ ಕೊನೆಯ ಖಂಡಗಳು ಇಡಿಯಾಗಿ ಕಪ್ಪು, ತುದಿ ಗುಂಡಗೆ, ಹೆಣ್ಣಿಗೆ ಕೊನೆವರೆಗೂ ಪಟ್ಟೆ, ತುದಿ ಚೂಪು. ಆದರೆ ನಮ್ಮ ಅಡುಗೆಮನೆಗಳಲ್ಲಿ ಧಾರಾಳವಾಗಿ ಸಿಗುವ ಡ್ರೊಸೊಫಿಲಾ ಅನನಾಸೆಯಲ್ಲಿ ಗಂಡಿನ ತುದಿಯೂ ತಿಳಿಬಣ್ಣದ್ದೇ. ಮೆಲನೊಗ್ಯಾಸ್ಟರ್ ಗಂಡು ಕೂಡ ಕೋಶದಿಂದ (ಪ್ಯೂಪಾದಿಂದ) ಹೊರಬಂದ ಮೊದಲ ಕೆಲವು ಗಂಟೆ ಬಿಳಿಚಿಕೊಂಡಿರುತ್ತದೆ.

ಹಾಗಾಗಿ ಮುಂಗಾಲು ನೋಡಿ. ಈ ಎರಡರಲ್ಲೂ ಗಂಡಿನ ಮುಂಗಾಲಿಗೆ ಬಾಚಣಿಗೆಯಂಥ ಕಪ್ಪು ಮುಳ್ಳುಗಳಿರುತ್ತವೆ. ಮೆಲನೊಗ್ಯಾಸ್ಟರ್‌ನಲ್ಲಿ ಒಂದೇ ಸಾಲು, ಸುಮಾರು ಹತ್ತು ಹಲ್ಲು. ಅನನಾಸೆಯಲ್ಲಿ ಅಡ್ಡಡ್ಡ ಹಲವು ಸಾಲು. ನಿಮ್ಮ ಮೊದಲ ಫೋಟೊದಲ್ಲಿ ಮುಂಗಾಲು ಮೈಕೆಳಗೆ ಮಡಚಿಕೊಂಡಿದೆ, ಏನೂ ಹೇಳಲಾಗದು. ಎರಡನೆಯದು ಚೂಪು ತುದಿಯ ಹೆಣ್ಣು. ಇಂಥ ಹೆಣ್ಣುಗಳ ಪ್ರಭೇದವನ್ನು ಫೋಟೊ ನೋಡಿ ಹೇಳುವವರನ್ನು ನಂಬಬೇಡಿ. ಮೂರನೆಯದರ ಬೆನ್ನ ಮೇಲೆ ಕಪ್ಪಂಚಿನ ಬಿಳಿ ಗೆರೆಗಳಿವೆಯಲ್ಲ, ಅದು ಜಾಪ್ರಿಯೋನಸ್ ಇಂಡಿಯಾನಸ್. ಇದರ ಗಂಡಿಗೆ ಬಾಚಣಿಗೆಯೇ ಇಲ್ಲ, ಹೊಟ್ಟೆಯ ತುದಿಯನ್ನು ಅಡಿಯಿಂದ ನೋಡಬೇಕು. (ಮಾವಿನಹಣ್ಣಲ್ಲಿ ಹುಳವಾಗಿಸುವ ‘ಹಣ್ಣು ನೊಣ’ದ ಕುಟುಂಬವೇ ಬೇರೆ, ಅದು ಹೆಚ್ಚುಕಡಿಮೆ ಮನೆನೊಣದಷ್ಟು ದೊಡ್ಡದು.)

ಫೋಟೊ ಮತ್ತೆ ತೆಗೆಯಿರಿ. ಕಳಿತ ಬಾಳೆಹಣ್ಣಿನ ಚೂರು ಹಾಕಿದ ಬಾಟಲಿಯ ಬಾಯಿಗೆ ಕಾಗದದ ಆಲಿಕೆ ಸಿಕ್ಕಿಸಿದರೆ ನೊಣ ತಾನಾಗಿ ಬೀಳುತ್ತದೆ. ಅವನ್ನು ಒಣಗಿದ ಬೇರೆ ಸೀಸೆಗೆ ದಾಟಿಸಿ 3–4 ನಿಮಿಷ ಫ್ರೀಜರ್‌ನಲ್ಲಿಡಿ. ಒದ್ದೆ ಸೀಸೆಯಾದರೆ ರೆಕ್ಕೆ ಗೋಡೆಗಂಟಿ ಹರಿಯುತ್ತದೆ. ಹೆಚ್ಚು ಹೊತ್ತಿಟ್ಟರೆ ಸಾಯುತ್ತದೆ. ಹೊರತೆಗೆದ ಕೆಲವೇ ನಿಮಿಷಕ್ಕೆ ಎಚ್ಚರಾಗುವುದರಿಂದ ಮೊಬೈಲಿಗೆ ಮ್ಯಾಕ್ರೊ ಲೆನ್ಸ್ ಮೊದಲೇ ಸಿಕ್ಕಿಸಿಕೊಂಡಿರಿ. ಗ್ರಾಫ್ ಹಾಳೆಯ ಮೇಲಿಟ್ಟರೆ ಅಳತೆಯೂ ಸಿಕ್ಕಿತು. ಫ್ಲ್ಯಾಶ್ ಬೇಡ, ಹೊಳಪಿನಲ್ಲಿ ಪಟ್ಟೆ ಅಳಿಸಿಹೋಗುತ್ತದೆ. ಕಿಟಕಿಯ ಬೆಳಕು ಸಾಕು. ಬೆನ್ನು, ಪಕ್ಕ, ಅಂಗಾತ ಮಲಗಿಸಿ ಹೊಟ್ಟೆಯ ತುದಿ, ಹೀಗೆ ಮೂರು ಕೋನ. ಮುಂಗಾಲನ್ನು ಕೂದಲಿನ ಕುಂಚದಿಂದ ಹೊರಚಾಚಿ ಇನ್ನೊಂದು.

ಗಂಡು ಸಿಕ್ಕರೆ ಶೇ 70ರ ಆಲ್ಕೊಹಾಲಿನಲ್ಲಿ ಹಾಕಿಡಿ. ಮೆಲನೊಗ್ಯಾಸ್ಟರ್‌ನ ತದ್ರೂಪಿಯಾದ ಸಿಮ್ಯುಲನ್ಸನ್ನು ಬೇರ್ಪಡಿಸಲು ಗಂಡಿನ ಜನನಾಂಗದ ತಟ್ಟೆಯನ್ನು ಸೂಕ್ಷ್ಮದರ್ಶಕದಡಿ ನೋಡಲೇಬೇಕು.