ಕೆಂಪು ಹೂವಿಗೂ ಬಿಳಿ ಹೂವಿಗೂ ಗುಲಾಬಿ ಬಣ್ಣದ ಹೂವು ಹುಟ್ಟಿದರೆ ಜೀನ್‌ಗಳು ಬೆರೆತುಹೋದವು ಅಂತಲೇ ಅಲ್ವಾ?

ಅಲ್ಲ. ಬಟಾಣಿ ಗಿಡಗಳ ಮೇಲೆ ಪ್ರಯೋಗ ಮಾಡಿದ ಮೆಂಡೆಲ್, ತಂದೆತಾಯಿಯಿಂದ ಬರುವ ಅಂಶಗಳು (ಈಗ ನಾವು ಜೀನ್ ಅನ್ನುವುದು) ಒಂದರಲ್ಲೊಂದು ಬೆರೆಯದೆ ಬೇರೆಬೇರೆಯಾಗೇ ಉಳಿಯುತ್ತವೆ ಅಂದಿದ್ದ. ಕೆಂಪು ಹೂವಿನ ಗಿಡವನ್ನೂ ಬಿಳಿ ಹೂವಿನ ಗಿಡವನ್ನೂ ಕ್ರಾಸ್ ಮಾಡಿದಾಗ ಗುಲಾಬಿ ಬಣ್ಣ ಬಂದರೆ ಮೆಂಡೆಲ್ ಹೇಳಿದ್ದು ತಪ್ಪಾಯಿತಲ್ಲ ಅಂತ ಕೇಳಿದ್ದೀರಿ. ನಿಜ ಹೇಳಬೇಕಂದರೆ, ಮೆಂಡೆಲ್ ಹೇಳಿದ್ದು ಸರಿ ಅನ್ನುವುದು ಇಲ್ಲೇ ಜಾಸ್ತಿ ಚೆನ್ನಾಗಿ ಕಾಣುತ್ತದೆ.

ಸಂಜೆಮಲ್ಲಿಗೆಯನ್ನೇ ತೆಗೆದುಕೊಳ್ಳಿ. 1900ರಲ್ಲಿ ಮೆಂಡೆಲ್‌ನ ಕೆಲಸವನ್ನು ಮತ್ತೆ ಬೆಳಕಿಗೆ ತಂದವರಲ್ಲಿ ಒಬ್ಬನಾದ ಜರ್ಮನಿಯ ಕಾರ್ಲ್ ಕೊರೆನ್ಸ್ ಇದೇ ಗಿಡದ ಮೇಲೆ ಕೆಲಸ ಮಾಡಿದ್ದ. ಕೆಂಪು ತಳಿಗೆ ಬಿಳಿ ತಳಿ ಸೇರಿಸಿದರೆ ಮೊದಲ ಪೀಳಿಗೆ ಪೂರ್ತಿ ಗುಲಾಬಿ. ಆ ಗುಲಾಬಿ ಬಣ್ಣದ ಗಿಡಗಳು ತಮ್ಮ ಪರಾಗದಿಂದಲೇ ಕಾಯಿ ಕಟ್ಟಿದರೆ, ಬುಡದಲ್ಲಿ ಉದುರುವ ಕಪ್ಪು ಸುಕ್ಕು ಬೀಜಗಳಿಂದ ಏಳುವ ಸಸಿಗಳಲ್ಲಿ ಸುಮಾರು ಕಾಲು ಭಾಗ ಕೆಂಪು, ಅರ್ಧ ಗುಲಾಬಿ, ಉಳಿದ ಕಾಲು ಭಾಗ ಬಿಳಿ. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಎರಡು ಪೇಂಟ್ ಕಲಸಿದ ಡಬ್ಬದಿಂದ ಬಿಳಿಯನ್ನು ಬೇರೆ ಮಾಡಿ ತೆಗೆಯೋಕೆ ಆಗಲ್ಲ. ಗಿಡದಲ್ಲಿ ಅಚ್ಚ ಬಿಳಿ ವಾಪಸ್ ಬಂತು. ಅಂದರೆ ಗುಲಾಬಿ ಬಣ್ಣದ ಹೂವಿನ ಒಳಗೆ ಎರಡೂ ಜೀನ್‌ಗಳು ತಮ್ಮ ಪಾಡಿಗೆ ತಾವು ಇದ್ದವು, ಒಂದಕ್ಕೊಂದು ಏನೂ ಮಾಡಿರಲಿಲ್ಲ.

ಹಾಗಾದರೆ ಗುಲಾಬಿ ಬಣ್ಣ ಎಲ್ಲಿಂದ ಬಂತು? ಪ್ರಮಾಣದಿಂದ. ಕೆಂಪಿನ ಜೀನ್ ಅಂದರೆ ಬಣ್ಣ ತಯಾರಿಸಲು ಬೇಕಾದ ಒಂದು ಕಿಣ್ವಕ್ಕೆ (ಎನ್‌ಜೈಮ್) ಬರೆದಿಟ್ಟ ಸೂಚನೆ ಅಂದುಕೊಳ್ಳಿ. ಬಿಳಿಯ ಜೀನ್ ಅದೇ ಸೂಚನೆಯ ಕೆಟ್ಟ ಪ್ರತಿ. ಅದು ಬಿಳಿ ಬಣ್ಣ ಮಾಡುವುದಿಲ್ಲ, ಸುಮ್ನೆ ಕೆಲಸ ಮಾಡದೆ ಇರುತ್ತದೆ. ಗಿಡಕ್ಕೆ ಪ್ರತಿಯೊಂದು ಜೀನ್‌ನ ಎರಡು ಪ್ರತಿ ಸಿಗುತ್ತವೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಎರಡು ಒಳ್ಳೆ ಪ್ರತಿ ಇದ್ದರೆ ಬಣ್ಣ ದಟ್ಟ, ಒಂದೇ ಇದ್ದರೆ ತಯಾರಾಗುವ ಬಣ್ಣ ಕಡಿಮೆ, ಹೂವು ತೆಳು. ಒಂದು ಪ್ರತಿ ಇನ್ನೊಂದನ್ನು ಪೂರ್ತಿ ಮರೆಮಾಡಿದರೆ ಅದು ಪೂರ್ಣ ಪ್ರಾಬಲ್ಯ, ಹೀಗೆ ನಡುವಿನ ಗುಣ ಕಂಡರೆ ಅಪೂರ್ಣ ಪ್ರಾಬಲ್ಯ, ಇಷ್ಟೇ. ಇದನ್ನು ಸಹಪ್ರಾಬಲ್ಯದ ಜೊತೆ ಕಲಸಬೇಡಿ, ಎಬಿ ರಕ್ತದ ಗುಂಪಿನಲ್ಲಿ ಎ ಮತ್ತು ಬಿ ಎರಡೂ ಪೂರ್ತಿಯಾಗಿ ಕಾಣಿಸಿಕೊಳ್ಳುತ್ತವೆ, ಅಲ್ಲಿ ನಡುವಿನ ಸ್ಥಿತಿ ಅಂತ ಇಲ್ಲ.

ಮೆಂಡೆಲ್‌ನ ಬಟಾಣಿಯಲ್ಲಿ ಯಾಕೆ ಹೀಗೆ ನಡುವಿನ ರೂಪ ಬರಲಿಲ್ಲ ಅನ್ನುವುದು ನನಗೆ ತುಂಬಾ ಇಷ್ಟವಾದ ಭಾಗ. ಬಹಳಷ್ಟು ಕಿಣ್ವಗಳ ವಿಷಯದಲ್ಲಿ ಅರ್ಧ ಪ್ರಮಾಣ ಇದ್ದರೂ ಕೆಲಸ ಸಾಗುತ್ತದೆ, ಆದ್ದರಿಂದ ಒಂದು ಪ್ರತಿ ಕೆಟ್ಟಿದ್ದು ಹೊರಗೆ ಗೊತ್ತಾಗುವುದೇ ಇಲ್ಲ. ಅವನ ಸುಕ್ಕು ಬಟಾಣಿಯಲ್ಲಿ ಕೆಟ್ಟಿರುವುದು ಪಿಷ್ಟದ ಕವಲು ಕಟ್ಟುವ ಕಿಣ್ವದ ಜೀನ್. ಪಿಷ್ಟ ಕಡಿಮೆಯಾಗಿ ಸಕ್ಕರೆ ಉಳಿಯುತ್ತದೆ, ಸಕ್ಕರೆ ಜಾಸ್ತಿ ನೀರು ಎಳೆಯುತ್ತದೆ, ಕಾಳು ಊದಿಕೊಂಡು ಆಮೇಲೆ ಒಣಗುವಾಗ ಸುಕ್ಕಾಗುತ್ತದೆ. ಒಂದು ಒಳ್ಳೆ ಪ್ರತಿ, ಒಂದು ಕೆಟ್ಟ ಪ್ರತಿ ಇರುವ ಕಾಳು ನೋಡೋಕೆ ಗುಂಡಗೇ ಇರುತ್ತದೆ. ಆದರೆ ಅದನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ಪಿಷ್ಟದ ಕಣಗಳನ್ನು ನೋಡಿದರೆ ಅವು ಗುಂಡು ಕಾಳಿನ ಥರವೂ ಅಲ್ಲ, ಸುಕ್ಕು ಕಾಳಿನ ಥರವೂ ಅಲ್ಲ, ನಡುವೆ ಇರುತ್ತವೆ! ಅದೇ ಜೀನ್, ಅದೇ ಕಾಳು. ಆಕಾರ ನೋಡಿದರೆ ಪೂರ್ಣ ಪ್ರಾಬಲ್ಯ, ಕಣ ನೋಡಿದರೆ ಅಪೂರ್ಣ. ಆದ್ದರಿಂದ "ಈ ಜೀನ್ ಪ್ರಬಲವಾ?" ಅಂತ ಯಾರಾದರೂ ಕೇಳಿದರೆ "ಯಾವ ಗುಣಕ್ಕೆ?" ಅಂತ ವಾಪಸ್ ಕೇಳಬೇಕು.

ಇದು ಬರೀ ಹೂವು, ಕಾಳಿನ ವಿಷಯ ಅಲ್ಲ. ರಕ್ತದಿಂದ ಎಲ್‌ಡಿಎಲ್ ಕೊಲೆಸ್ಟ್ರಾಲ್ (ಕೆಟ್ಟ ಕೊಲೆಸ್ಟ್ರಾಲ್ ಅನ್ನುವುದು) ಹಿಡಿದು ಜೀವಕೋಶದ ಒಳಗೆ ಎಳೆದುಕೊಳ್ಳುವ ಒಂದು ಗ್ರಾಹಕ (ರಿಸೆಪ್ಟರ್) ಇದೆ. ಅಮೆರಿಕದ ವಿಜ್ಞಾನಿಗಳಾದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ಗೆ 1985ರಲ್ಲಿ ನೊಬೆಲ್ ಬಂದಿದ್ದು ಇದರ ಸಂಶೋಧನೆಯಿಂದಲೇ. ಈ ಗ್ರಾಹಕದ ಜೀನ್‌ನ ಒಂದು ಪ್ರತಿ ಕೆಟ್ಟವರಲ್ಲಿ ಕೆಲಸ ಮಾಡುವ ಗ್ರಾಹಕಗಳು ಸುಮಾರು ಅರ್ಧ. ಹುಟ್ಟಿನಿಂದಲೇ ಕೊಲೆಸ್ಟ್ರಾಲ್ ಹೆಚ್ಚು, ಚಿಕಿತ್ಸೆ ಇಲ್ಲದಿದ್ದರೆ ಚಿಕ್ಕ ವಯಸ್ಸಿಗೇ ಹೃದಯಾಘಾತದ ಅಪಾಯ. ಎರಡೂ ಪ್ರತಿ ಕೆಟ್ಟ ಮಕ್ಕಳ ಸ್ಥಿತಿ ಇನ್ನೂ ಕಠಿಣ, ಬಾಲ್ಯದಲ್ಲೇ ಹೃದಯದ ತೊಂದರೆ ಬರಬಹುದು. ಕೆಂಪು, ಗುಲಾಬಿ, ಬಿಳಿ ಅಂತ ಹೂವಿನಲ್ಲಿ ಕಂಡ ಅದೇ ಮೂರು ಹಂತ. ಒಂದು ಪ್ರತಿ ಕೆಟ್ಟಿರುವವರು ಸುಮಾರು 250 ಜನರಲ್ಲಿ ಒಬ್ಬರು ಇರುತ್ತಾರೆ. ಅವರ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಹಾಗಾಗಿ ಮನೆಯಲ್ಲಿ ಒಬ್ಬರಿಗೆ ಇದು ಇದೆ ಅಂತ ಗೊತ್ತಾದರೆ ಡಾಕ್ಟರು ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಎಲ್ಲರ ರಕ್ತವನ್ನೂ ಟೆಸ್ಟ್ ಮಾಡಿಸಿ ಅನ್ನುತ್ತಾರೆ.