ಅರ್ಧ ಕಿವಿಗೆ ಸಿಗದ ಹಾಡು: ಹೆವಿ ಮೆಟಲ್ ಬಗ್ಗೆ ಮೂರು ಪ್ರಶ್ನೆ

ಪ್ರಶ್ನೆ: ನಾನು ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ನಾಲ್ವರು ಗೆಳೆಯರು ಸೇರಿ ಹೆವಿ ಮೆಟಲ್, ಅಂದರೆ ಜೋರು ಗಿಟಾರು, ಜೋರು ಡ್ರಮ್ಮಿನ ರಾಕ್ ಸಂಗೀತದ ಬ್ಯಾಂಡ್ ಕಟ್ಟಿದ್ದೇವೆ. ಕಾಲೇಜಿನ ಗ್ಯಾದರಿಂಗ್‌ನಲ್ಲಿ ನುಡಿಸಿದೆವು. ಎರಡನೇ ಹಾಡಿಗೆ ಅರ್ಧ ಹಾಲ್ ಖಾಲಿ. ಮನೆಯಲ್ಲಿ ಅವ್ವ, 'ಏನ್ ಒದರಾಟ ಹಚ್ಚಿಯೋ, ಬಂದ್ ಮಾಡು' ಅನ್ನುತ್ತಾಳೆ. ಎಫ್‌ಎಂನಲ್ಲಿ ಇಂಥ ಒಂದು ಹಾಡನ್ನೂ ನಾನು ಕೇಳಿಲ್ಲ. ಜಗತ್ತಿನ ತುಂಬ ಅಭಿಮಾನಿಗಳಿರುವ ಸಂಗೀತಕ್ಕೆ ರೇಡಿಯೋದಲ್ಲಿ ಯಾಕೆ ಜಾಗವಿಲ್ಲ?
– ಒಬ್ಬ ಗಿಟಾರಿಸ್ಟ್, ಟಿಳಕವಾಡಿ

ಉತ್ತರ: ತಮ್ಮಾ, ಅವ್ವ ರೇಡಿಯೋ ಹಚ್ಚುವುದು ಯಾವಾಗ ಅಂತ ಒಮ್ಮೆ ನೋಡು. ರೊಟ್ಟಿ ಬಡಿಯುವಾಗ, ಕಾಯಿಪಲ್ಲೆ ಹೆಚ್ಚುವಾಗ. ಅರ್ಧ ಕಿವಿ ಹಾಡಿನ ಕಡೆ, ಅರ್ಧ ಕುಕ್ಕರ್ ಸೀಟಿಯ ಕಡೆ. ಕಟಿಂಗ್ ಅಂಗಡಿಯಲ್ಲೂ ಟಂಟಂನಲ್ಲೂ ಹೀಗೇ. ರೇಡಿಯೋಕ್ಕೆ ಸಿಗುವುದು ಈ ಅರ್ಧ ಕಿವಿ ಮಾತ್ರ. ಮೆಟಲ್ ಬೇಡುವುದು ಪೂರ್ತಿ ಕಿವಿ. ಜಗಳ ಇರುವುದು ಇಲ್ಲೇ.

ಖಾಸಗಿ ಎಫ್‌ಎಂ ನಡೆಯುವುದು ಜಾಹೀರಾತಿನ ದುಡ್ಡಿನಲ್ಲಿ. ಹಾಡು ಆರಿಸುವವನಿಗೆ ಒಂದೇ ಚಿಂತೆ: ಮುಂದಿನ ಜಾಹೀರಾತು ಬರುವ ತನಕ ಕೇಳುಗ ಸ್ಟೇಷನ್ ಬದಲಿಸಬಾರದು. ನೂರು ಜನರಲ್ಲಿ ಹತ್ತು ಜನ ಪ್ರಾಣ ಬಿಡುವ, ಅರವತ್ತು ಜನ ಓಡಿಹೋಗುವ ಹಾಡಿಗಿಂತ ನೂರು ಜನವೂ ಸುಮ್ನೆ ಸಹಿಸಿಕೊಳ್ಳುವ ಹಾಡು ಅವನಿಗೆ ಲಾಭ. ಮೆಟಲ್ ಮೊದಲನೇ ಜಾತಿಯದು. ಅವನನ್ನು ಬೈದು ಪ್ರಯೋಜನವಿಲ್ಲ, ಅವನ ಕುರ್ಚಿಯಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಇನ್ನು ನಾದದ ವಿಷಯ. ನೀನು ನುಡಿಸುವ ಪವರ್ ಕಾರ್ಡ್ ಅಂದರೆ ಏನು? ಸ ಮತ್ತು ಪ. ನಮ್ಮ ತಂಬೂರಿಯಲ್ಲಿ ಮಿಡಿಯುವ ಸ್ವರಗಳೇ. ಆಂಪ್ಲಿಫೈಯರ್‌ಗೆ ತಾಳಲಾರದಷ್ಟು ಸಿಗ್ನಲ್ ಕೊಟ್ಟಾಗ ಅಲೆಯ ತಲೆ ಕತ್ತರಿಸಿಹೋಗುತ್ತದೆ. ಅದರಿಂದ ಮೂಲ ಸ್ವರದ ಮೇಲೆ ಹೊಸ ಹೊಸ ಉಪಸ್ವರಗಳು ಎದ್ದು ಬರುತ್ತವೆ. ಡಿಸ್ಟಾರ್ಷನ್ ಅನ್ನುವುದು ಇದನ್ನೇ. ಈ ಉಪಸ್ವರಗಳು ಹಾಡುವ ದನಿ ಇರುವ ಜಾಗದಲ್ಲೇ ಬಂದು ಕೂರುತ್ತವೆ. ಹೀಗಾಗಿ ಮಾತು ಮುಳುಗುತ್ತದೆ. ನಮ್ಮ ಜನಕ್ಕೆ ಹಾಡು ಅಂದರೆ ಮೊದಲು ಮಾತು, ಅಲ್ವಾ? ಶ್ರೀಕೃಷ್ಣ ಪಾರಿಜಾತದ ಆಟ ನೋಡಲು ಕೂತವರು ಒಂದು ಸಾಲು ಕೇಳಿಸದಿದ್ದರೆ ಎದ್ದು ಕೂಗುತ್ತಾರೆ.

ಅದರ ಮೇಲೆ ಮಂದ್ರದ ಸಮಸ್ಯೆ. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನ 'ಬ್ಲ್ಯಾಕ್ ಸಬತ್' ತಂಡದ ಟೋನಿ ಅಯೋಮಿ ಹುಡುಗನಾಗಿದ್ದಾಗ ಕಾರ್ಖಾನೆಯಲ್ಲಿ ತಗಡಿನ ಯಂತ್ರಕ್ಕೆ ಸಿಕ್ಕಿ ಎರಡು ಬೆರಳಿನ ತುದಿ ಕಳೆದುಕೊಂಡಿದ್ದ. ಒತ್ತಲು ಹಗುರವಾಗಲಿ ಅಂತ ತಂತಿ ಸಡಿಲಿಸಿದ. ನಾದ ಕೆಳಗಿಳಿಯಿತು, ಭಾರವಾಯಿತು. ಅವರ ಮೊದಲ ಆಲ್ಬಂ ಬಂದದ್ದು 1970ರಲ್ಲಿ. ಆಮೇಲೆ ಬಂದವರು ತಂತಿಯನ್ನು ಇನ್ನೂ ಕೆಳಗಿಳಿಸಿದರು. ಗಿಟಾರಿನ ದಪ್ಪ ತಂತಿ ಮಾಮೂಲಿಯಾಗಿ 82 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಮೂರು ಮನೆ ಇಳಿಸಿದರೆ 69. ಅಡುಗೆಮನೆಯ ಸಣ್ಣ ರೇಡಿಯೋಕ್ಕಾಗಲಿ ಮೊಬೈಲ್ ಸ್ಪೀಕರಿಗಾಗಲಿ ಆ ಆಳಕ್ಕೆ ಇಳಿಯುವ ತಾಕತ್ತಿಲ್ಲ. ಭಾರವೆಲ್ಲ ಸೋರಿಹೋಗಿ ಮೇಲಿನ ಚರಚರ ಮಾತ್ರ ಉಳಿಯುತ್ತದೆ. ಅವ್ವನಿಗೆ ಕೇಳಿಸಿದ್ದು ಅದು. ಅದನ್ನು ಆಕೆ ಒದರಾಟ ಅಂದರೆ ತಪ್ಪೇನು?

ಉದ್ದವೂ ಒಂದು ತೊಡಕು. ಹಳೇ 78 ಆರ್‌ಪಿಎಂ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದು ಮೂರು ನಿಮಿಷ ಚಿಲ್ಲರೆ. ಆ ಅಳತೆ ರೇಡಿಯೋದ ಮೈಗೆ ಅಂಟಿಬಿಟ್ಟಿತು. ಅಮೆರಿಕದ ಮೆಟಲ್ ತಂಡ ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್' ಹಾಡು ಎಂಟೂವರೆ ನಿಮಿಷ. 1986ರ ಈ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಮುಖ್ಯ ಪಟ್ಟಿಗೆ ಬಂದದ್ದು 2022ರಲ್ಲಿ, ಅದೂ ಒಂದು ವೆಬ್ ಸರಣಿಯಲ್ಲಿ ಬಳಸಿದ ಮೇಲೆ!

ಆದರೆ ರೇಡಿಯೋ ಬೇಡ ಅಂದದ್ದನ್ನೆಲ್ಲ ಜನರೂ ಬೇಡ ಅಂದರು ಅಂತಲ್ಲ. ಇದಕ್ಕೆ ನಿನ್ನ ಊರಿನಲ್ಲೇ ಸಾಕ್ಷಿ ಇದೆ. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ನಮ್ಮ ಸಂಗೀತದ ಮೀಂಡು, ಗಮಕ, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಸ್ವರ ತೂಗುವುದು ಅದರಲ್ಲಿ ಬರುವುದಿಲ್ಲ ಅನ್ನುವುದು ಕಾರಣ. ಮೂರು ದಶಕ ಆ ನಿಷೇಧ ನಡೆಯಿತು. ಆ ಕಾಲದಲ್ಲೇ ಬೆಳಗಾವಿಯಲ್ಲಿ ಪಂ. ರಾಂಭಾವು ಬಿಜಾಪುರೆ ಹಾರ್ಮೋನಿಯಂ ನುಡಿಸಿದರು, ಕಲಿಸಿದರು, ದೊಡ್ಡ ದೊಡ್ಡ ಗಾಯಕರಿಗೆ ಸಾಥ್ ಕೊಟ್ಟರು. ನಮ್ಮ ಭಾಗದ ಯಾವ ಭಜನಾ ಮೇಳವೂ ಪೆಟ್ಟಿಗೆ ಬಿಡಲಿಲ್ಲ. 1950ರ ದಶಕದಲ್ಲಿ ಅದೇ ರೇಡಿಯೋದಲ್ಲಿ ಸಿನಿಮಾ ಹಾಡಿಗೆ ಅಡ್ಡಿ ಬಂದಾಗ ಜನ ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್ ಹಿಡಿದರು. ಕೊನೆಗೆ 1957ರಲ್ಲಿ ಆಲ್ ಇಂಡಿಯಾ ರೇಡಿಯೋನೇ ಸಿನಿಮಾ ಹಾಡಿಗಾಗಿ ವಿವಿಧ ಭಾರತಿ ಶುರು ಮಾಡಬೇಕಾಯಿತು.

ಆದರೆ ಒಂದು ಫರಕು ಇದೆ. ಹಾರ್ಮೋನಿಯಮ್ಮಿಗೆ ಗುಡಿ, ಮಠ, ನಾಟಕ ಕಂಪನಿಗಳ ಆಸರೆ ಇತ್ತು. ನಿಮಗೆ ಬೇಕಾದದ್ದೂ ಅಂಥ ಜಾಗವೇ. ಜರ್ಮನಿಯ ವಾಕನ್ ಅನ್ನುವುದು ಸುಮಾರು ಎರಡು ಸಾವಿರ ಜನರ ಹಳ್ಳಿ. ಅಲ್ಲಿ 1990ರಿಂದ ಮೆಟಲ್ ಹಬ್ಬ ನಡೆಯುತ್ತಿದೆ. ಈಗ ಪ್ರತಿ ಬೇಸಿಗೆ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಬಂದು ಡೇರೆ ಹಾಕುತ್ತಾರೆ. ನಮ್ಮ ಬನಶಂಕರಿ ಜಾತ್ರೆಯ ಹಾಗೆ. ಬೆಂಗಳೂರಿನ ಅರಮನೆ ಮೈದಾನಕ್ಕೆ 2007ರಲ್ಲಿ ಬ್ರಿಟನ್ನಿನ ಮೆಟಲ್ ತಂಡ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದಾಗ ದೇಶದ ಮೂಲೆ ಮೂಲೆಯಿಂದ ಹುಡುಗರು ರೈಲು ಹತ್ತಿ ಬಂದಿದ್ದರು.

ಇನ್ನು ನಿಮ್ಮ ಗ್ಯಾದರಿಂಗ್. ಅರ್ಧ ಹಾಲ್ ಖಾಲಿಯಾದದ್ದರಲ್ಲಿ ಹಾಲಿನ ಪಾಲೂ ಇದೆ ಅನ್ನುವುದು ನನ್ನ ಗುಮಾನಿ. ಭಾಷಣಕ್ಕೆ ಕಟ್ಟಿದ ಹಾಲು, ಗಿಲಾವ್ ಮಾಡಿದ ಬರೀ ಗೋಡೆ, ಮೇಲೆ ತಗಡು. ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ಹಲವು ಸಲ ಮರಳಿ ಬರುತ್ತದಲ್ಲ, ಪ್ರವಾಸಿಗೆ ಅದು ಮಜಾ. ಡ್ರಮ್ಮರ್‌ಗೆ ಅದೇ ಶತ್ರು. ನಿಮಿಷಕ್ಕೆ 180 ಮಾತ್ರೆಯ ಲಯದಲ್ಲಿ, ಮಾತ್ರೆಗೆ ನಾಲ್ಕರಂತೆ, ಅವನು ಡಬಲ್ ಬಾಸ್ (ಎರಡೂ ಕಾಲಿನಿಂದ ಬಾಸ್ ಡ್ರಮ್) ಹೊಡೆದರೆ ಸೆಕೆಂಡಿಗೆ ಹನ್ನೆರಡು ಪೆಟ್ಟು. ಪ್ರತಿಧ್ವನಿ ಇರುವ ಹಾಲಿನಲ್ಲಿ ಹನ್ನೆರಡೂ ಕಲಸಿ ಒಂದೇ ಗುಡುಗು ಆಗುತ್ತದೆ. ಮುಂದಿನ ಸಲ ಬಯಲಲ್ಲಿ ನುಡಿಸಿ. ಗಿಟಾರಿನ ಡಿಸ್ಟಾರ್ಷನ್ ಕಾಲುಭಾಗ ಇಳಿಸಿ, ಹಾಡುವವನ ಮೈಕ್ ಏರಿಸಿ. ಮೊದಲ ಹಾಡು ನಾಲ್ಕು ನಿಮಿಷದೊಳಗೆ ಇರಲಿ.

ಪ್ರಶ್ನೆ: ನನ್ನ ಮಗಳು ಪಿಯುಸಿ ಎರಡನೇ ವರ್ಷ. ದಿನಾ ಹೆಡ್‌ಫೋನ್ ಹಾಕಿಕೊಂಡು ಇಂಥ ಹಾಡೇ ಕೇಳುತ್ತಾಳೆ. ಸಾವು, ಸೈತಾನ, ತಲೆಬುರುಡೆ ಚಿತ್ರದ ಟೀಶರ್ಟ್. ಹುಡುಗಿ ಕೆಡುತ್ತಾಳೇನೋ ಅಂತ ಭಯ.
– ಒಬ್ಬ ತಾಯಿ, ಜಮಖಂಡಿ

ಉತ್ತರ: ಅಕ್ಕಾವ್ರೇ, ಈ ಭಯ ನಿಮಗೊಬ್ಬರಿಗೇ ಬಂದದ್ದಲ್ಲ. 1985ರಲ್ಲಿ ಅಮೆರಿಕದ ಸೆನೆಟ್ಟಿನಲ್ಲೇ ಇದರ ವಿಚಾರಣೆ ನಡೆಯಿತು. ಆ ಗದ್ದಲದಿಂದಲೇ ಆಲ್ಬಂಗಳ ಮೇಲೆ 'ಪಾಲಕರಿಗೆ ಎಚ್ಚರಿಕೆ' ಚೀಟಿ ಅಂಟಿಸುವ ರೂಢಿ ಬಂತು. ರೇಡಿಯೋದವರು, ಜಾಹೀರಾತಿನವರು ಮೆಟಲ್ ಅಂದರೆ ಹಿಂಜರಿಯಲು ಈ ಕೆಟ್ಟ ಹೆಸರೂ ಒಂದು ಕಾರಣ.

ನಮ್ಮ ಕಡೆ ವೀರಭದ್ರನ ಗುಗ್ಗಳದಲ್ಲಿ ಪುರವಂತರು ಗಲ್ಲಕ್ಕೆ ಶಸ್ತ್ರ ಹಾಕಿಕೊಳ್ಳುವುದನ್ನು ನೀವು ನೋಡಿರುತ್ತೀರಿ. ಅವರು ಒಡಪು ಹೇಳುವ ದನಿ ಕೇಳಿದ್ದೀರಲ್ಲ? ಮೊಹರಮ್ಮಿನ ರಿವಾಯತ್ ಪದಗಳ ತುಂಬ ಯುದ್ಧ, ಸಾವು, ಅಳು. ಅದನ್ನೆಲ್ಲ ನೋಡಿ ಬೆಳೆದ ನಾವು ಕೆಟ್ಟಿಲ್ಲ. ಭಯವನ್ನು ಜೋರಾಗಿ ಕೂಗಿ ಹಗುರಾಗುವುದು ಹಳೇ ದಾರಿ. ಟೀಶರ್ಟಿಗಿಂತ ಆಕೆಯ ಊಟ, ನಿದ್ದೆ, ಗೆಳತಿಯರ ಜೊತೆಗಿನ ಮಾತು ಸರಿ ಇದೆಯಾ ನೋಡಿ. ಇದ್ದರೆ ಸುಮ್ಮನಿರಿ. ಒಂದು ಹಾಡಿನ ಅರ್ಥ ಹೇಳು ಅಂತ ಕೇಳಿ ನೋಡಿ, ಸಂಜೆಯೆಲ್ಲ ಮಾತಾಡುತ್ತಾಳೆ.

ನನಗೆ ಜಾಸ್ತಿ ಚಿಂತೆ ಆಕೆಯ ಕಿವಿಯದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಆದರೆ ನಾಲ್ಕೇ ಗಂಟೆ. ಮೊಬೈಲಿನ ಸದ್ದು ಅರುವತ್ತು ಶೇಕಡಾ ದಾಟದಿರಲಿ. ಕಿವಿಯಲ್ಲಿ ಗುಂಯ್ ಅನ್ನುವುದು ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ. ಈ ಮಾತು ಮೆರವಣಿಗೆಯ ಡಿಜೆ ಮುಂದೆ ಕುಣಿಯುವವರಿಗೂ ಸೇರಿತು.

ಪ್ರಶ್ನೆ: ಕನ್ನಡದಲ್ಲಿ ಮೆಟಲ್ ಹಾಡಿ, ಜೊತೆಗೆ ಡೊಳ್ಳು ಅಥವಾ ಕರಡಿ ಮಜಲು ಸೇರಿಸಿದರೆ ನಡೆಯುತ್ತದೆಯೇ?
– ಒಬ್ಬ ಡ್ರಮ್ಮರ್, ವಿಜಯಪುರ

ಉತ್ತರ: ನಡೆಯುತ್ತದೆ. ದಿಲ್ಲಿಯ 'ಬ್ಲಡಿವುಡ್' ತಂಡ ಢೋಲು ಸೇರಿಸಿ, ಹಿಂದಿ–ಪಂಜಾಬಿಯಲ್ಲಿ ಹಾಡಿ 2019ರಲ್ಲಿ ವಾಕನ್ ವೇದಿಕೆ ಹತ್ತಿತು. ಅದಕ್ಕೂ ಮುಂಚೆ 2013ರಲ್ಲಿ ಬೆಂಗಳೂರಿನ 'ಕ್ರಿಪ್ಟೋಸ್' ಅಲ್ಲಿ ನುಡಿಸಿತ್ತು, ಅವರದು ಇಂಗ್ಲಿಷ್ ಹಾಡು. ರೇಡಿಯೋದ ದಾರಿ ಕಾಯದೆ ಇಬ್ಬರೂ ಹೊರಟವರು.

ಒಂದೇ ಎಚ್ಚರ. ಡೊಳ್ಳಿನ ಗುಮ್ಮೂ ನೀವು ಕಾಲಿನಿಂದ ಹೊಡೆಯುವ ಕಿಕ್ ಡ್ರಮ್ಮಿನ ಗುಮ್ಮೂ ಒಂದೇ ಜಾಗದಲ್ಲಿ ಕೂರುತ್ತವೆ. ಡೊಳ್ಳು ಬಂದಾಗ ಕಿಕ್ ಕಡಿಮೆ ಮಾಡಿ, ಬಾಸ್ ಗಿಟಾರಿಗೂ ಸ್ವಲ್ಪ ತಡಿ ಅನ್ನಿ. ಕರಡಿ ಮಜಲಿನ ಸನಾದಿಗೂ ಲೀಡ್ ಗಿಟಾರಿಗೂ ಇದೇ ತಂಟೆ, ಇಬ್ಬರೂ ಒಟ್ಟಿಗೆ ಮೆರೆಯಬಾರದು. ಹಲಗಿ ಮಾತ್ರ ಯಾರ ಹಂಗೂ ಇಲ್ಲದೆ ಎಲ್ಲದರ ಮೇಲೆ ಎದ್ದು ಕೇಳುತ್ತದೆ. ಅದರಿಂದಲೇ ಶುರು ಮಾಡಿ. ಹಲಗಿಗೆ ಮೈಕನ್ನು ತೀರಾ ಹತ್ತಿರ ಇಡಬೇಡಿ, ಎರಡು ಅಡಿ ಸಾಕು.