ಬೇಸ್‌ಮೆಂಟ್ ಗೋಡೆಯ ಬಿಳಿ ಬಣ್ಣ

ತಮ್ಮಾ,

ಯುಗಾದಿ ಊಟದ ದಿನ ಪಾಯಸದ ಪಾತ್ರೆಯ ಮುಂದೆ ನಿಂತು ನೀನು ಕೇಳಿದ್ದೆ. "ಅಣ್ಣಾ, ಕ್ಲೀವ್‌ಲ್ಯಾಂಡ್‌ನಲ್ಲಿ ಹಳೇ ಮನೆಗಳು ಇಷ್ಟು ಅಗ್ಗ. ಒಂದು ಕೊಂಡು, ಶನಿವಾರ ಭಾನುವಾರ ರಿಪೇರಿ ಮಾಡಿ ಮಾರಿದರೆ ಹೇಗೆ? ಕೆಲಸ ಬಿಡಬೇಕಾಗಿಲ್ಲ ಅಲ್ವಾ? ನೀವು ನಾಲ್ಕು ಮನೆ ಮಾಡಿದ್ದೀರಂತೆ." ನಮ್ಮ ಹಿಂದೆ ಸಾಲು ಬೆಳೆಯುತ್ತಿತ್ತು. ಆಮೇಲೆ ಬರೆಯುತ್ತೇನೆ ಅಂದಿದ್ದೆ. ಇವತ್ತು ಬೆಳಿಗ್ಗೆಯಿಂದ ಮಳೆ ಹಿಡಿದಿದೆ, ಅದಕ್ಕೇ ಕೂತೆ.

ನಾನು ಇಲ್ಲಿಗೆ, ಅಮೆರಿಕಕ್ಕೆ, ಬಂದಿದ್ದು 1998ರ ಜನವರಿಯಲ್ಲಿ. ತೀರ್ಥಹಳ್ಳಿ ಕಡೆಯವನು ನಾನು. ನಮ್ಮ ಮನೆಯ ಮಣ್ಣಿನ ಗೋಡೆ ಒಂದು ಮೊಳ ದಪ್ಪ. ಇಲ್ಲಿ ಮೊದಲ ರಾತ್ರಿ ಬಾಡಿಗೆ ಮನೆಯ ಗೋಡೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿದೆ. ಟೊಳ್ಳು ಸದ್ದು ಬಂತು. ಹೊರಗೆ ಮೊಣಕಾಲುದ್ದ ಹಿಮ, ಒಳಗೆ ರಟ್ಟಿನಂಥ ಗೋಡೆ. ಇವರು ಹೇಗೆ ಬದುಕುತ್ತಾರೆ ಅಂತ ನಿದ್ದೆಯೇ ಬರಲಿಲ್ಲ. ಆ ಗೋಡೆಯೊಳಗೆ ಏನಿದೆ ಅಂತ ತಿಳಿಯುವ ಆಸೆ ಹುಟ್ಟಿದ್ದು ಅವತ್ತು. ಆಮೇಲೆ ಎಷ್ಟೋ ಗೋಡೆ ನಾನೇ ಒಡೆದೆ, ನಾನೇ ಕಟ್ಟಿದೆ. ಡ್ರೈವಾಲ್ ಅನ್ನುವ ಜಿಪ್ಸಮ್ ಹಲಗೆ ಕೂಡಿಸಿ ಗೆರೆ ಕಾಣದ ಹಾಗೆ ಪಟ್ಟಿ ಎಳೆಯುವುದು ಈಗ ನನಗೆ ಚೆನ್ನಾಗಿ ಬರುತ್ತೆ. ಅದರ ಬಗ್ಗೆ ಹೆಮ್ಮೆ ಇದೆ.

ಮೊದಲು ವೀಸಾ ವಿಷಯ. ನೀನು ಎಚ್-1ಬಿ ಕೆಲಸದ ವೀಸಾ ಮೇಲಿದ್ದೀಯ. ಮನೆ ಕೊಳ್ಳಲು ಅಡ್ಡಿ ಇಲ್ಲ. ಆದರೆ ನೀನು ದುಡಿಯಬಹುದಾದದ್ದು ನಿನಗಾಗಿ ಅರ್ಜಿ ಹಾಕಿದ ಕಂಪನಿಯಲ್ಲಿ ಮಾತ್ರ. ಮಾರುವುದಕ್ಕೆಂದೇ ಮನೆ ಕೊಂಡು, ಕೈಯಾರೆ ಕೆಲಸ ಮಾಡಿ ಲಾಭಕ್ಕೆ ಮಾರಿದರೆ, ಅದನ್ನು ಒಪ್ಪಿಗೆ ಇಲ್ಲದ ದುಡಿಮೆ ಅಂತ ನೋಡಬಹುದು. ವಲಸೆ ವಕೀಲರನ್ನು ಕೇಳದೆ ಒಂದು ಮೊಳೆಯನ್ನೂ ಹೊಡೆಯಬೇಡ. ನಾನು ಗ್ರೀನ್ ಕಾರ್ಡ್ ಬರುವ ತನಕ ಕಾದೆ. ಮೊದಲ ಮನೆ ಕೊಂಡಿದ್ದು 2010ರಲ್ಲಿ. ಆಗ ಸ್ಲಾವಿಕ್ ವಿಲೇಜ್‌ನಂಥ ಬಡಾವಣೆಗಳಲ್ಲಿ ಸಾಲ ತೀರಿಸಲಾಗದೆ ಜನ ಬಿಟ್ಟುಹೋದ ಮನೆಗಳು ಸಾಲುಸಾಲಾಗಿದ್ದವು. ಬ್ಯಾಂಕುಗಳು ಸಿಕ್ಕ ಬೆಲೆಗೆ ಕೊಡುತ್ತಿದ್ದವು. ನೀನು ಕೇಳಿರುವ ನನ್ನ ಲಾಭದ ಕತೆಗಳೆಲ್ಲ ಆ ಕಾಲದ್ದು.

ಎಷ್ಟು ಉಳಿಯುತ್ತೆ ಅಂತ ಕೇಳಿದ್ದೆ. ಇಲ್ಲಿಯವರು ಒಂದು ಲೆಕ್ಕ ಹಾಕುತ್ತಾರೆ. ರಿಪೇರಿ ಆದಮೇಲೆ ಮನೆ 2,00,000 ಡಾಲರಿಗೆ ಹೋಗುತ್ತೆ ಅಂತಿಟ್ಟುಕೋ. ಅದರ ಶೇ. 70 ಅಂದರೆ 1,40,000. ರಿಪೇರಿಗೆ 50,000 ಕಳೆದರೆ 90,000. ಅದಕ್ಕಿಂತ ಜಾಸ್ತಿ ಕೊಟ್ಟು ಕೊಳ್ಳಬೇಡ. ನಡುವೆ ಉಳಿದ ದುಡ್ಡು ಬಡ್ಡಿ, ವಿಮೆ, ಕರೆಂಟು, ಮನೆ ಮಾರಿಸಿಕೊಡುವ ರಿಯಲ್ಟರ್‌ನ ಕಮಿಷನ್ ಅಂತ ಕರಗುತ್ತೆ. ಮೇಲೆ ತೆರಿಗೆ. ಮತ್ತೆ ಮತ್ತೆ ಕೊಂಡು ಮಾರುವವನ ಲಾಭವನ್ನು ದಂಧೆಯ ಆದಾಯ ಅಂತಲೇ ನೋಡುತ್ತಾರೆ, ಅದಕ್ಕೆ ಶೇ. 15.3 ಸ್ವಂತ ಉದ್ಯೋಗದ ತೆರಿಗೆ ಬೇರೆ. ನಿನ್ನ ಥರದವರಿಗೆ ಸರಿಯಾದ ದಾರಿ ಅಂದರೆ, ವಾಸಕ್ಕೇ ಒಂದು ಹಳೇ ಮನೆ ಕೊಂಡು ಅದರಲ್ಲೇ ಇದ್ದು ನಿಧಾನಕ್ಕೆ ಸರಿಮಾಡುವುದು. ಮಾರುವ ಮುಂಚಿನ ಐದು ವರ್ಷದಲ್ಲಿ ಎರಡು ವರ್ಷ ಅದರಲ್ಲಿ ವಾಸ ಇದ್ದರೆ 2,50,000 ಡಾಲರ್ ತನಕ ಲಾಭಕ್ಕೆ ಕೇಂದ್ರದ ತೆರಿಗೆ ಇಲ್ಲ. ಮದುವೆಯಾಗಿದ್ದು ಇಬ್ಬರೂ ಸೇರಿ ಲೆಕ್ಕ ಕೊಟ್ಟರೆ 5,00,000.

ಶನಿವಾರ ಭಾನುವಾರ ಸಾಕಾಗಲ್ಲ. ರಿಪೇರಿ ಕೆಲಸ ನೋಡಲು ನಗರಸಭೆಯ ಪರ್ಮಿಟ್ ಇನ್‌ಸ್ಪೆಕ್ಟರ್ ಬರುವುದು ವಾರದ ದಿನ, ನಿನ್ನ ಆಫೀಸಿನ ಹೊತ್ತಿನಲ್ಲೇ. ಊರಿಗೆ ಹೋಗಲು ಕೂಡಿಟ್ಟ ರಜೆಯೆಲ್ಲ ಅವರಿಗೆ ಬಾಗಿಲು ತೆಗೆಯುವುದರಲ್ಲೇ ಮುಗಿಯುತ್ತೆ. 2011ರಲ್ಲಿ ತಂಗಿಯ ಮಗಳ ಮದುವೆ ನನಗೆ ತಪ್ಪಿದ್ದು ಹಾಗೇ. ನಿನ್ನ ಅತ್ತಿಗೆ ಇನ್ನೂ ಅದನ್ನು ಮರೆತಿಲ್ಲ. ಇನ್ನೊಂದು. 1978ಕ್ಕಿಂತ ಹಳೇ ಮನೆಯಲ್ಲಿ ಸೀಸದ ಬಣ್ಣ ಇರಬಹುದು. ಪರೀಕ್ಷೆ ಮಾಡಿಸದೆ ಉಜ್ಜಬೇಡ, ಅದರ ಪುಡಿ ಮಕ್ಕಳಿಗೆ ವಿಷ.

ಈಗ ನಿಜವಾಗಿ ಹೇಳಬೇಕಾದದ್ದು.

ಮೂರನೇ ಮನೆ 1924ರಲ್ಲಿ ಕಟ್ಟಿದ್ದು. 2013ರ ಜುಲೈಯಲ್ಲಿ ಕೊಂಡೆ. ನೆಲದಡಿಯ ಬೇಸ್‌ಮೆಂಟ್‌ನಲ್ಲಿ ಗೋಡೆಯ ಬುಡದಿಂದ ಒಂದು ಗೇಣು ಎತ್ತರಕ್ಕೆ ಬಿಳಿ ಪುಡಿ ಎದ್ದಿತ್ತು. ಮುಟ್ಟಿದರೆ ಉಪ್ಪಿನ ಹಾಗೆ ಉದುರುತ್ತಿತ್ತು. ಮಣ್ಣಿನಲ್ಲಿ ನಿಂತ ನೀರು ಗೋಡೆಯೊಳಗೆ ಇಳಿದು ಒಣಗಿದ ಗುರುತು ಅದು. ಮಲೆನಾಡಿನವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಪ್ಪ ಮೃಗಶಿರಾ ಮಳೆ ಹಿಡಿಯುವ ಮೊದಲೇ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಮನೆ ಸುತ್ತ ಕಾಲುವೆ ಬಿಡಿಸುತ್ತಿದ್ದರು. ಗುದ್ದಲಿ ಹಿಡಿದು ಜೊತೆಗೆ ನಿಲ್ಲುತ್ತಿದ್ದವನು ನಾನು.

ಕಂಟ್ರಾಕ್ಟರ್ ಬಂದು ನೋಡಿದ. ಹೊರಗಿನಿಂದ ತಳಪಾಯದ ತನಕ ಅಗೆದು, ಹೊಸ ಡ್ರೈನ್ ಪೈಪು ಹಾಕಿ, ಗೋಡೆಗೆ ನೀರು ತಡೆಯುವ ಲೇಪ ಕೊಡಬೇಕು, 11,000 ಡಾಲರ್ ಅಂದ. ಸಾಲದ ಬಡ್ಡಿ ಏರುತ್ತಿತ್ತು. ಆಫೀಸಿನಲ್ಲಿ ರಾತ್ರಿ ಹನ್ನೊಂದರ ತನಕ ಕೆಲಸ. ನಾನು ಪುಡಿಯನ್ನು ತಂತಿ ಬ್ರಶ್ಶಿನಲ್ಲಿ ಕೆರೆದೆ. ವಾಟರ್‌ಪ್ರೂಫ್ ಅಂತ ಬರೆದಿದ್ದ ಬಿಳಿ ಬಣ್ಣವನ್ನು ಎರಡು ಕೋಟು ಹೊಡೆದೆ. ಕೆಳಗೆ ಬೂದು ಬಣ್ಣದ ಕಾರ್ಪೆಟ್ ಹಾಸಿದೆ. ಚೆಂದ ಕಾಣುತ್ತಿತ್ತು.

ಒಹಾಯೊದಲ್ಲಿ ಮನೆ ಮಾರುವವರು ಒಂದು ಫಾರ್ಮ್ ತುಂಬಬೇಕು. ಬೇಸ್‌ಮೆಂಟ್‌ಗೆ ನೀರು ಬಂದದ್ದು ನಿಮಗೆ ಗೊತ್ತೇ ಅಂತ ಅದರಲ್ಲಿ ಕೇಳುತ್ತಾರೆ. ನಾನು ಕೊಂಡ ಮೇಲೆ ನೀರು ಕಂಡಿಲ್ಲ ಅಂತ ಬರೆದೆ. ಆ ಬೇಸಿಗೆಯಲ್ಲಿ ನಾನು ನೀರು ಕಂಡಿರಲಿಲ್ಲ, ಅದು ನಿಜ. ಬಿಳಿ ಪುಡಿಯನ್ನು ಕಂಡಿದ್ದೆ, ಕೆರೆದಿದ್ದೆ. ಅದನ್ನು ಬರೆಯಲಿಲ್ಲ.

ಕೊಂಡವರು ಚಿಕ್ಕ ವಯಸ್ಸಿನ ಗಂಡ ಹೆಂಡತಿ. ನಾಲ್ಕು ವರ್ಷದ ಹುಡುಗ. ಅವರ ಮೊದಲ ಮನೆ. ಮನೆ ನೋಡಲು ಬಂದ ದಿನ ಆ ಹುಡುಗ ಕಾರ್ಪೆಟ್ ಮೇಲೆ ಅಂಗಾತ ಮಲಗಿ, ಇಲ್ಲಿ ನನ್ನ ರೈಲು ಅಂತ ಕೈ ಚಾಚಿ ತೋರಿಸಿದ.

ಮುಂದಿನ ಏಪ್ರಿಲ್‌ನಲ್ಲಿ ಹಿಮ ಕರಗುವ ಹೊತ್ತಿಗೆ ಎರಡು ದಿನ ಜೋರು ಮಳೆ ಬಂತು. ಅವರ ರಿಯಲ್ಟರ್ ಫೋನ್ ಮಾಡಿದರು. ಫಾರ್ಮ್‌ನಲ್ಲಿ ಏನಿದೆಯೋ ಅಷ್ಟೇ ನನಗೆ ಗೊತ್ತು ಅಂದುಬಿಟ್ಟೆ. ಶನಿವಾರ ಆ ಬೀದಿಯಲ್ಲೇ ಕಾರು ಹೊಡೆದುಕೊಂಡು ಹೋದೆ. ಫುಟ್‌ಪಾತ್ ಅಂಚಿನಲ್ಲಿ ಕಸದ ಗಾಡಿಗೆಂದು ಸುತ್ತಿಟ್ಟ ಬೂದು ಕಾರ್ಪೆಟ್. ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿ ಒದ್ದೆಯಾಗಿ ಬಾಯಿ ಬಿಟ್ಟ ರಟ್ಟಿನ ಪೆಟ್ಟಿಗೆ, ಒಳಗೆ ಮರದ ರೈಲು ಹಳಿಗಳು. ನಾನು ಕಾರು ನಿಲ್ಲಿಸಲಿಲ್ಲ.

ಅವರು ಕೋರ್ಟಿಗೆ ಹೋಗಲಿಲ್ಲ. ಮೂರು ವರ್ಷದ ಮೇಲೆ ಧೈರ್ಯ ಮಾಡಿ ಹೋಗಿ ಬೆಲ್ ಒತ್ತಿದೆ. ಬೇರೆಯವರು ಬಾಗಿಲು ತೆಗೆದರು. ಮೊದಲಿನವರು ಎಲ್ಲಿಗೆ ಹೋದರೋ ಅವರಿಗೆ ಗೊತ್ತಿರಲಿಲ್ಲ. ಆ 11,000 ಡಾಲರ್ ಇವತ್ತಿಗೂ ನನ್ನ ಹತ್ತಿರವೇ ಇದೆ. ಇದನ್ನು ಅಪ್ಪನಿಗೆ ಹೇಳಬೇಕು ಅಂದುಕೊಂಡಿದ್ದೆ. ಹೇಳುವ ಮೊದಲೇ ಅವರು ಹೋದರು.

ನಾಲ್ಕನೇ ಮನೆಗೆ ಹೊರಗಿನಿಂದ ಅಗೆಸಿದೆ. ಲಾಭ ಏನೂ ಉಳಿಯಲಿಲ್ಲ. ಆಮೇಲೆ ಬಿಟ್ಟೆ.

ನೀನು ಪಕ್ಕದ ಪಾರ್ಮಾದಲ್ಲಿ ಒಂದು ಮನೆ ನೋಡಿಟ್ಟಿದ್ದೀನಿ ಅಂದಿದ್ದೆಯಲ್ಲ, ಅದಕ್ಕೆ ಇನ್ನೂ ಸಹಿ ಹಾಕಬೇಡ. ಈ ಮಳೆ ನಾಳೆ ಬೆಳಿಗ್ಗೆ ನಿಲ್ಲುತ್ತಂತೆ. ನಿಂತ ಕೂಡಲೇ ಫೋನ್ ಮಾಡು, ಇಬ್ಬರೂ ಹೋಗಿ ಬೇಸ್‌ಮೆಂಟ್ ನೋಡೋಣ. ಟಾರ್ಚ್ ನಾನು ತರುತ್ತೇನೆ. ಮಧ್ಯಾಹ್ನ ಊಟಕ್ಕೆ ನಮ್ಮಲ್ಲಿಗೇ ಬಾ. ಅತ್ತಿಗೆ ಕಡುಬು ಮಾಡುತ್ತಾಳೆ.